ಪಗಾರ ದೊಡ್ಡವ್ವನಿಗೆ, ಕೂಲಿ ಹೋದದ್ದು ವೈನಿಗೆ

ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕು ನಮ್ಮದು. ನಮ್ಮೂರಲ್ಲಿ ಪಿಂಚಣಿಗೆ ಪಗಾರ ಅಂತಲೇ ಹೇಳುವುದು. ನಮ್ಮ ದೊಡ್ಡವ್ವನಿಗೂ ತಿಂಗಳಿಗೆ 1,200 ರೂಪಾಯಿ ಪಗಾರ ಬರುತ್ತದೆ.

ಎರಡು ವರ್ಷದ ಹಿಂದೆ ಆಕೆಗೆ ಲಕ್ವಾ ಹೊಡೆಯಿತು. ಎಡಗೈ, ಎಡಗಾಲು ಏಳುವುದಿಲ್ಲ. ರೊಟ್ಟಿಯನ್ನು ಹಾಲಲ್ಲಿ ನೆನೆಸಿ ಉಣಿಸಬೇಕು. ಬೆನ್ನಿಗೆ ಹುಣ್ಣಾಗದಂತೆ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು, ರಾತ್ರಿ ಕೂಡ. ಎಲ್ಲ ಮಾಡುವವರು ನಮ್ಮ ವೈನಿ, ಅಂದರೆ ದೊಡ್ಡವ್ವನ ಸೊಸೆ. ತೊಗರಿ ಕೊಯ್ಲಿಗೆ ಹೋಗುತ್ತಿದ್ದವರು ಈಗ ಮನೆ ಬಿಡುವಂತಿಲ್ಲ. "ಪಗಾರ ಅತ್ತೆಗೆ ಬರ್ತದ, ನನ್ನ ಕೂಲಿ ಹೋತು ನೋಡ್ರಿ" ಅನ್ನುತ್ತಾರೆ.

ಆ ಕೂಲಿ ಯಾವ ಲೆಕ್ಕಕ್ಕೂ ಬರದೇ ಇರುವುದಕ್ಕೆ ಹಳೆಯ ಕಾರಣವಿದೆ. 1995ರ ಆಗಸ್ಟ್ 15ರಂದು ಕೇಂದ್ರ ಸರ್ಕಾರ ವೃದ್ಧಾಪ್ಯ ಪಿಂಚಣಿ ಶುರು ಮಾಡಿತು. 65 ದಾಟಿದ, ದಿಕ್ಕಿಲ್ಲದವರಿಗೆ ತಿಂಗಳಿಗೆ 75 ರೂಪಾಯಿ. ಅದೇ 1995ರ ಅಂಗವಿಕಲರ ಕಾಯ್ದೆ 7 ಬಗೆಯ ವೈಕಲ್ಯ ಗುರುತಿಸಿ, ಕನಿಷ್ಠ ಶೇ 40ರಷ್ಟು ವೈಕಲ್ಯ ಇರಬೇಕು ಅಂತ ಗೆರೆ ಎಳೆಯಿತು. ಅಂದರೆ ವಯಸ್ಸಿಗೊಂದು ದಾರಿ, ವೈಕಲ್ಯಕ್ಕೊಂದು ದಾರಿ. ವಯಸ್ಸಾದ ಮೇಲೆ ಕೈಕಾಲು ಬಿದ್ದುಹೋದವರು ನಡುವೆ ಸಿಕ್ಕಿಬಿದ್ದರು. 2009ರಲ್ಲಿ ಕೇಂದ್ರದ ಅಂಗವಿಕಲ ಪಿಂಚಣಿ ಬಂದಾಗ ಅದು 64 ವರ್ಷದವರೆಗೆ ಮಾತ್ರ. 2012ರಲ್ಲಿ ಮಿತಿ 79ಕ್ಕೆ ಹೋಯಿತು, ಹಣ 200ರಿಂದ 300 ಆಯಿತು. ಆದರೆ ಶೇ 80ರಷ್ಟು ವೈಕಲ್ಯ ಇರಲೇಬೇಕು.

2016ರ ಅಂಗವಿಕಲರ ಕಾಯ್ದೆ ನಿಜಕ್ಕೂ ದೊಡ್ಡದು. ವೈಕಲ್ಯದ ಬಗೆ 7 ಇದ್ದದ್ದು 21 ಆಯಿತು, ಕೈಕಾಲು ನಡುಗುವ ಪಾರ್ಕಿನ್ಸನ್ ಕಾಯಿಲೆ ಸೇರಿತು. ಅಂಗವಿಕಲರ ನೆರವು ಅಂಥದ್ದೇ ಬೇರೆ ಯೋಜನೆಗಿಂತ ಕನಿಷ್ಠ ಶೇ 25ರಷ್ಟು ಜಾಸ್ತಿ ಇರಬೇಕು ಅಂತ 24ನೇ ಕಲಂ ಹೇಳುತ್ತದೆ. ಹೆಚ್ಚು ಆಸರೆ ಬೇಕಾದವರಿಗೆ ಆರೈಕೆ ಭತ್ಯೆಯ ಮಾತೂ ಅಲ್ಲೇ ಇದೆ.

ನಮ್ಮ ರಾಜ್ಯದಲ್ಲಿ ಆದದ್ದು ಉಲ್ಟಾ. 2007ರಲ್ಲಿ ಶುರುವಾದ ವೃದ್ಧರ ಪಿಂಚಣಿ ಸಂಧ್ಯಾ ಸುರಕ್ಷಾ 2021ರಲ್ಲಿ 1,200 ರೂಪಾಯಿಗೆ ಏರಿತು. ಅದೇ ಹೊತ್ತಿಗೆ, ಶೇ 40ರಿಂದ 75ರೊಳಗಿನ ವೈಕಲ್ಯಕ್ಕೆ ಸಿಕ್ಕಿದ್ದು 800. ಶೇ 75 ದಾಟಿದರೆ 1,400. ದೊಡ್ಡವ್ವನ ವೈಕಲ್ಯದ ಸರ್ಟಿಫಿಕೇಟಲ್ಲಿ ಇರುವುದು ಶೇ 70. ಎರಡರಲ್ಲಿ ಒಂದೇ ಪಿಂಚಣಿ ಸಿಗುವುದು. ಹಾಗಾಗಿ ಆಕೆ ಸರ್ಕಾರದ ಕಡತದಲ್ಲಿ ಬರೀ ಮುದುಕಿ, ಅಂಗವಿಕಲೆ ಅಲ್ಲ. ಇದು ಅನ್ಯಾಯ ಅಲ್ವಾ?

ಆರೈಕೆ ಮಾಡುವವರ ಹೆಸರು ಬಂದದ್ದು 2024-25ರ ರಾಜ್ಯ ಬಜೆಟ್‌ನಲ್ಲಿ. ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ. ಒಳ್ಳೆಯ ಹೆಜ್ಜೆ. ಆದರೆ ಈ ನಾಲ್ಕರಲ್ಲಿ ಲಕ್ವಾ ಇಲ್ಲ, ಮುಪ್ಪಿನ ಮರೆವಿನ ಕಾಯಿಲೆಯೂ ಇಲ್ಲ.

ಆ ಸರ್ಟಿಫಿಕೇಟಿನ ತಪಾಸಣೆ ದಿನ ದೊಡ್ಡವ್ವನನ್ನು ಟಂಟಂನಲ್ಲಿ ಮಲಗಿಸಿಕೊಂಡು ಹೋಗಿದ್ದೆವು. ಡಾಕ್ಟರು ಕೈ ಎತ್ತಿ ನೋಡಿದರು, ಕಾಲು ಮಡಚಿ ನೋಡಿದರು, 70 ಅಂತ ಬರೆದರು. ರಾತ್ರಿ ಯಾರು ಎಬ್ಬಿಸುತ್ತಾರೆ ಅಂತ ಯಾರೂ ಕೇಳಲಿಲ್ಲ. ಫಾರಂನಲ್ಲಿ ಅದಕ್ಕೆ ಜಾಗವೇ ಇಲ್ಲ. ಯಾರಿಗೆ ಎಷ್ಟು ಆಸರೆ ಬೇಕು ಅಂತ ಅಳೆಯಲು 2016ರ ಕಾಯ್ದೆಯ 38ನೇ ಕಲಂ ಆಗಲೇ ಇದೆ. ಪಂಚಾಯಿತಿಗಳಲ್ಲಿ ಅಂಗವಿಕಲರಿಗೆ ನೆರವಾಗುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅವರು ಮನೆಗೇ ಬಂದು ಒಂದು ಹಗಲು, ಒಂದು ರಾತ್ರಿಯ ಕೆಲಸವನ್ನು ವೈನಿಯ ಬಾಯಿಂದಲೇ ಕೇಳಿ ಬರೆದುಕೊಂಡು ಹೋಗಲಿ.