20 ವರ್ಷ ಅನುಭವ ಇರುವ ಬಾಸ್ ಮತ್ತೇನು ಕಲಿಯಬೇಕು?

ಪ್ರಶ್ನೆ: ನಮ್ಮ ಬಾಸ್‌ಗೆ 20 ವರ್ಷದ ಅನುಭವ ಇದೆ. ಅಂಥವರೂ ಇನ್ನೂ ಕಲಿಯಬೇಕಾ? ಕಲಿತಿದ್ದಕ್ಕೇ ತಾನೇ ಮೇಲೆ ಬಂದಿದ್ದು?

ಉತ್ತರ: ಈ ಪ್ರಶ್ನೆ ಮತ್ತೆ ಬಂತು! ಕಲಿಯಬೇಕು. ಮೇಲೆ ಹೋದಂತೆ ಕೆಲಸವೇ ಬೇರೆಯಾಗುತ್ತದೆ. ನಿನ್ನೆಯವರೆಗೆ ಚೆನ್ನಾಗಿ ಲೆಕ್ಕ ಬರೆಯುತ್ತಿದ್ದವರು ಇವತ್ತು ಲೆಕ್ಕ ಬರೆಯುವ ಹತ್ತು ಜನರನ್ನು ನಡೆಸಬೇಕು. ಇಷ್ಟನ್ನು ಎಲ್ಲರೂ ಒಪ್ಪುತ್ತಾರೆ. ಆದರೆ ವರ್ಷ ಕಳೆದಂತೆ ತೀರ್ಮಾನಗಳು ತಾವಾಗಿಯೇ ಸರಿಯಾಗುತ್ತಾ ಹೋಗುತ್ತವೆ ಅನ್ನೋ ನಂಬಿಕೆ ಇದೆಯಲ್ಲ, ಅದನ್ನು ಮಾತ್ರ ಯಾರೂ ಬಿಡುವುದಿಲ್ಲ.

1977ರ ಮಾರ್ಚ್ 27. ಸ್ಪೇನ್‌ಗೆ ಸೇರಿದ ಟೆನೆರಿಫ್ ದ್ವೀಪದ ವಿಮಾನ ನಿಲ್ದಾಣ, ದಟ್ಟ ಮಂಜು. ಡಚ್ ವಿಮಾನ ಕಂಪನಿ ಕೆಎಲ್‌ಎಂನ ಬೋಯಿಂಗ್ 747 ಟೇಕಾಫ್ ಅನುಮತಿ ಸಿಗುವ ಮೊದಲೇ ಓಡಲು ಶುರುಮಾಡಿ, ಅದೇ ರನ್‌ವೇಯಲ್ಲಿದ್ದ ಅಮೆರಿಕದ ಪ್ಯಾನ್ ಆಮ್ ಕಂಪನಿಯ 747ಕ್ಕೆ ಅಪ್ಪಳಿಸಿತು. 583 ಜನ ಸತ್ತರು. ಕೆಎಲ್‌ಎಂ ಕ್ಯಾಪ್ಟನ್ ಯಾರೋ ಹೊಸಬರು ಅಂದುಕೊಂಡಿರಾ? ಆ ಕಂಪನಿಯಲ್ಲಿ 747 ತರಬೇತಿಯ ಮುಖ್ಯಸ್ಥರೇ ಅವರು. ಆ ಪ್ಯಾನ್ ಆಮ್ ವಿಮಾನ ಇನ್ನೂ ರನ್‌ವೇ ಬಿಟ್ಟಿಲ್ವಾ ಎಂದು ಫ್ಲೈಟ್ ಎಂಜಿನಿಯರ್ ಕೇಳಿಯೂ ಕೇಳಿದ್ದರು. ಬಿಟ್ಟಿದೆ ಎಂದು ಕ್ಯಾಪ್ಟನ್ ಖಡಾಖಂಡಿತವಾಗಿ ಹೇಳಿದರು, ಅಲ್ಲಿಗೆ ಮಾತು ನಿಂತಿತು. ಕಾರಣಗಳು ಹಲವು: ಮಂಜು, ರೇಡಿಯೊದಲ್ಲಿ ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಬಿದ್ದದ್ದು. ಆದರೆ ತನಿಖೆಯಲ್ಲಿ ಇನ್ನೊಂದು ಅಂಶವೂ ಬಂತು. ಆ ಕ್ಯಾಪ್ಟನ್ ವರ್ಷಗಟ್ಟಲೆ ಸಿಮ್ಯುಲೇಟರ್‌ನಲ್ಲಿ, ಅಂದರೆ ನೆಲದ ಮೇಲೇ ಹಾರಾಟ ಅಭ್ಯಾಸ ಮಾಡಿಸುವ ಯಂತ್ರದಲ್ಲಿ, ಕಲಿಸಿದವರು, ಅಲ್ಲಿ ಟೇಕಾಫ್ ಅನುಮತಿಗೆ ಕಾಯುವ ಗೋಜು ಅಷ್ಟಾಗಿ ಇರುತ್ತಿರಲಿಲ್ಲ. ಅನುಭವ ಕೆಟ್ಟ ಅಭ್ಯಾಸವನ್ನೂ ಅಷ್ಟೇ ನಿಷ್ಠೆಯಿಂದ ಕಲಿಸುತ್ತದೆ, ಸ್ವಾಮಿ.

ವೈದ್ಯರ ಬಗ್ಗೆಯೂ 2005ರಲ್ಲಿ ‘ಅನಲ್ಸ್ ಆಫ್ ಇಂಟರ್ನಲ್ ಮೆಡಿಸಿನ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಹಲವು ಅಧ್ಯಯನಗಳ ಒಂದು ವಿಮರ್ಶೆ ಬಂದಿತ್ತು. ಅದರಲ್ಲಿ ನೋಡಿದ ಅಧ್ಯಯನಗಳಲ್ಲಿ ಅರ್ಧಕ್ಕಿಂತ ಜಾಸ್ತಿಯವು ಹೇಳಿದ್ದು, ವೈದ್ಯರ ಸೇವೆಯ ವರ್ಷ ಹೆಚ್ಚಿದಂತೆ ಕೆಲಸದ ಗುಣಮಟ್ಟ ಇಳಿದಿತ್ತು ಅಂತ. ಇದರಲ್ಲಿ ವಿಚಿತ್ರ ಏನೂ ಇಲ್ಲ. ನಾವು ಮಾಡಿದ್ದು ತಪ್ಪು ಅನ್ನೋ ಸುದ್ದಿ ನಮಗೆ ಮುಟ್ಟಿದರೆ ತಾನೇ ಅನುಭವದಿಂದ ಕಲಿಯೋದು? ಕುರ್ಚಿ ದೊಡ್ಡದಾದಂತೆ ಆ ಸುದ್ದಿ ತರುವವರೇ ಕಡಿಮೆ. ಬಾಸ್ ಜೋಕ್ ಹೇಳಿದರೆ ಎಲ್ಲರೂ ನಗುತ್ತಾರೆ, ಅಲ್ವಾ?

ವಿಮಾನದವರು ಪಾಠ ಕಲಿತರು. ಇಂಥ ಅಪಘಾತಗಳ ನಂತರ, 1979ರಲ್ಲಿ ನಾಸಾ ಕಾರ್ಯಾಗಾರ ನಡೆಸಿತು. ಕಿರಿಯರ ಮಾತು ಕೇಳೋದನ್ನು ಕ್ಯಾಪ್ಟನ್‌ಗಳಿಗೆ ಕಲಿಸುವ ತರಬೇತಿ ಅಲ್ಲಿಂದ ಬೆಳೆಯಿತು. ಇವತ್ತು ಸಾವಿರಾರು ಗಂಟೆ ಹಾರಿದವರೂ ಸಿಮ್ಯುಲೇಟರ್ ಪರೀಕ್ಷೆಗೆ ಮತ್ತೆ ಮತ್ತೆ ಕೂರಲೇಬೇಕು. ಯಾರಿಗೂ ಅದು ಅವಮಾನ ಅನ್ನಿಸುವುದಿಲ್ಲ.

ನೀವು ಕೇಳದಿದ್ದರೂ ಹೇಳಿಬಿಡುತ್ತೇನೆ: ಕಲಿಯೋದು ಯಾರಿಂದ? ಎರಡು ದಿನದ ವರ್ಕ್‌ಶಾಪ್, ಗ್ರೂಪ್ ಫೋಟೊ, ಸರ್ಟಿಫಿಕೇಟ್ ನನ್ನ ಲೆಕ್ಕಕ್ಕೆ ಬರುವುದಿಲ್ಲ. 1999ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಮುಖ್ಯಸ್ಥ ಜ್ಯಾಕ್ ವೆಲ್ಚ್ ತಮ್ಮ ಸುಮಾರು 500 ಹಿರಿಯ ಅಧಿಕಾರಿಗಳಿಗೆ, ಕಿರಿಯರ ಪಕ್ಕ ಕೂತು ಇಂಟರ್‌ನೆಟ್ ಕಲಿಯಿರಿ ಅಂದರು. ತಾವೂ ಕೂತರು. ಅಷ್ಟು ದೊಡ್ಡ ಏರ್ಪಾಡು ನಿಮ್ಮ ಬಾಸ್‌ಗೆ ಬೇಡ. ‘ಎಲ್ಲ ಸರಿ ಇದೆಯಾ’ ಎಂದು ಕೇಳೋದನ್ನು ಬಿಟ್ಟು, ‘ಇದು ಎಲ್ಲಿ ಕೈಕೊಡಬಹುದು’ ಎಂದು ತಂಡದ ಅತಿ ಕಿರಿಯರಿಂದ ಶುರುಮಾಡಿ ಕೇಳಲಿ, ತಮ್ಮ ಅಭಿಪ್ರಾಯವನ್ನು ಕೊನೆಗೆ ಹೇಳಲಿ. ಮೊದಲ ಸಲ ಯಾರೂ ಬಾಯಿ ಬಿಡುವುದಿಲ್ಲ, ಮುಂದಿನ ವಾರವೂ ಕೇಳಬೇಕಾಗುತ್ತದೆ.