ಅಪ್ಪನ ಹೆಸರು, ಅಮ್ಮನ ಕುಲ: ಚೆರೊಕೀ ಮಿಶ್ರ ವಂಶದ ಜಾಡು

ಜಾನ್ ರಾಸ್ 1828ರಿಂದ 1866ರಲ್ಲಿ ಸಾಯುವವರೆಗೂ ಅಮೆರಿಕದ ಮೂಲನಿವಾಸಿ ಬುಡಕಟ್ಟಾದ ಚೆರೊಕೀ ಜನರ ಮುಖ್ಯ ನಾಯಕ. ಆದರೆ ಅವನ ಎಂಟು ಮಂದಿ ಮುತ್ತಜ್ಜ ಮುತ್ತಜ್ಜಿಯರಲ್ಲಿ ಚೆರೊಕೀ ಆಗಿದ್ದವಳು ಒಬ್ಬಳೇ. ಅವಳು ಪಕ್ಷಿ ಕುಲದ ಘಿಗೂಯಿ. ಅವಳನ್ನು ಮದುವೆಯಾದವನು ವಿಲಿಯಂ ಶೋರಿ ಎಂಬ ದುಭಾಷಿ. ಅವರ ಮಗಳು ಆನಾಳನ್ನು ಸ್ಕಾಟ್‌ಲೆಂಡಿನ ಜಾನ್ ಮೆಕ್‌ಡೊನಾಲ್ಡ್ ಮದುವೆಯಾದ. ಆನಾಳ ಮಗಳು ಮಾಲಿಯ ಗಂಡ ಡೇನಿಯಲ್ ರಾಸ್. ಹೀಗೆ ಮೂರು ತಲೆಮಾರು ಬಿಳಿಯ ಅಳಿಯಂದಿರೇ ಬಂದರೂ 1790ರಲ್ಲಿ ಹುಟ್ಟಿದ ಜಾನ್ ಪಕ್ಷಿ ಕುಲದವನೇ ಆದ. ಎಂಟನೇ ಒಂದು ಪಾಲು ಚೆರೊಕೀ ಎಂಬಂಥ ಭಿನ್ನರಾಶಿಯ ಲೆಕ್ಕ ಬಂದದ್ದು ಆಮೇಲೆ, ಅಮೆರಿಕ ಸರ್ಕಾರದ ಗುಮಾಸ್ತರ ಜೊತೆ.

ಚೆರೊಕೀಗಳಲ್ಲಿ ಏಳು ಕುಲಗಳು. ಮಗು ತಾಯಿಯ ಕುಲಕ್ಕೆ ಸೇರುತ್ತದೆ, ಒಂದೇ ಕುಲದೊಳಗೆ ಮದುವೆ ಕೂಡದು, ಮಕ್ಕಳ ಹೊಣೆಯಲ್ಲಿ ಅಪ್ಪನಿಗಿಂತ ಸೋದರಮಾವನ ಪಾಲು ದೊಡ್ಡದು. ತುಳುನಾಡಿನ ಅಳಿಯಸಂತಾನವನ್ನೂ ಬರಿ ಎಂಬ ತಾಯಿಸಾಲಿನ ಗೋತ್ರವನ್ನೂ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹದಿನೆಂಟನೇ ಶತಮಾನದಲ್ಲಿ ಚಾರ್ಲ್ಸ್‌ಟನ್ ಬಂದರಿನಿಂದ ಜಿಂಕೆ ಚರ್ಮದ ವ್ಯಾಪಾರಕ್ಕೆ ಬೆಟ್ಟ ಹತ್ತಿದ ಸ್ಕಾಟಿಷ್, ಐರಿಷ್, ಇಂಗ್ಲಿಷ್ ಗಂಡಸರಿಗೆ ಚೆರೊಕೀ ಹೆಂಡತಿ ಎಂದರೆ ನೆಂಟಸ್ತಿಕೆ, ಊರಿನ ರಕ್ಷಣೆ, ಗಿರಾಕಿ ಎಲ್ಲವೂ. ಹಾಗಾಗಿ ವಸಾಹತು ಕಾಲದ ಮಿಶ್ರ ಮದುವೆಗಳಲ್ಲಿ ಗಂಡ ಯುರೋಪಿನವನು, ಹೆಂಡತಿ ಚೆರೊಕೀ ಇರುವುದೇ ಹೆಚ್ಚು.

ತೊಡಕು ಇರುವುದೂ ಇಲ್ಲೇ. ಕುಲ ಹೆಂಗಸಿನ ಹಿಂದೆ ಹೋಯಿತು, ಕಾಗದ ಗಂಡಸಿನ ಹಿಂದೆ ಹೋಯಿತು. ದಕ್ಷಿಣ ಕ್ಯಾರೊಲೈನಾದ ವ್ಯಾಪಾರ ಪರವಾನಗಿ, ಸಾಲದ ಲೆಕ್ಕ, ಉಯಿಲು ಎಲ್ಲದರಲ್ಲೂ ಅವನ ಹೆಸರಿದೆ. ಅವಳು ಬಹಳ ಕಡೆ ಬರೀ ‘ಇಂಡಿಯನ್ ಹೆಂಗಸು’.

ಆದ್ದರಿಂದ ತಮ್ಮ ವಂಶದಲ್ಲಿ ಚೆರೊಕೀ ಪೂರ್ವಜರಿದ್ದರೇ ಎಂದು ಹುಡುಕುವವರು 1750ರಿಂದ ಶುರುಮಾಡಬಾರದು. ಬದುಕಿರುವವರಿಂದ ಒಂದೊಂದೇ ತಲೆಮಾರು ಹಿಂದಕ್ಕೆ, ಜನನ, ಮದುವೆ, ಮರಣದ ದಾಖಲೆ ಹಿಡಿದು, 1900ರ ಆಸುಪಾಸಿನಲ್ಲಿ ಬದುಕಿದ್ದ ಪೂರ್ವಜರನ್ನು ಮುಟ್ಟಬೇಕು. ಆಗ ಅವರು ಇಂದಿನ ಒಕ್ಲಹೋಮದಲ್ಲಿದ್ದರೆ ಅಮೆರಿಕ ಸರ್ಕಾರ ಬುಡಕಟ್ಟಿನ ಸದಸ್ಯರನ್ನು ದಾಖಲಿಸಲು 1898ರಿಂದ ತಯಾರಿಸಿದ ಡಾಸ್ ಪಟ್ಟಿ ನೋಡಬೇಕು. ಅಚ್ಚಾದ ಪಟ್ಟಿಯಲ್ಲಿ ಸಿಗುವುದು ಹೆಸರು, ವಯಸ್ಸು, ಲಿಂಗ, ‘ರಕ್ತದ ಪಾಲು’, ಒಂದು ಕಾರ್ಡ್ ಸಂಖ್ಯೆ ಅಷ್ಟೇ. ಆ ಸಂಖ್ಯೆ ಹಿಡಿದು ಕಾರ್ಡನ್ನೇ ತರಿಸಿದರೆ ತಂದೆ ತಾಯಿಯ ಹೆಸರು ಸಿಗುತ್ತದೆ. ರಕ್ತದ ಪಾಲಿನ ಅಂಕಣವನ್ನು ನಂಬಬೇಡಿ. ಎಷ್ಟೋ ಕಡೆ ಅದು ಅರ್ಜಿದಾರ ಹೇಳಿದ್ದು ಅಥವಾ ಗುಮಾಸ್ತ ಮುಖ ನೋಡಿ ಬರೆದದ್ದು.

ಇದಕ್ಕಿಂತ ಉಪಯುಕ್ತವಾದದ್ದು ಗಯಾನ್ ಮಿಲ್ಲರ್ ಎಂಬ ಅಧಿಕಾರಿಯ ಕಡತ. ನ್ಯಾಯಾಲಯ ಕೊಡಿಸಿದ ಪರಿಹಾರದ ಹಣ ಹಂಚಲು ಮಾಡಿದ್ದು, 1909ರಲ್ಲಿ ಮುಗಿಯಿತು. ಅರ್ಜಿದಾರರು ಅಜ್ಜ ಅಜ್ಜಿ, ಒಡಹುಟ್ಟಿದವರು, ಸೋದರಮಾವ, ಚಿಕ್ಕಮ್ಮ, ದೊಡ್ಡಪ್ಪಂದಿರನ್ನೆಲ್ಲ ಹೆಸರಿಸಿ, ಅವರಲ್ಲಿ 1851ರ ಪಟ್ಟಿಯಲ್ಲಿದ್ದವರು ಯಾರೆಂದು ತೋರಿಸಬೇಕಿತ್ತು. ಒಂದೇ ಕಾಗದದಲ್ಲಿ ಮೂರು ತಲೆಮಾರು ಸಿಕ್ಕಂತೆ. ಆದರೆ ಬಂದ 45,847 ಅರ್ಜಿಗಳು ಸುಮಾರು 90,000 ಮಂದಿಯ ಪರವಾಗಿ ಹಕ್ಕು ಕೇಳಿದವು, ಒಪ್ಪಿಗೆ ಸಿಕ್ಕಿದ್ದು 30,254 ಮಂದಿಗೆ. ಅಜ್ಜಿಯ ಹೆಸರಿನಲ್ಲೊಂದು ಅರ್ಜಿ ಇದೆ ಎಂದ ಮಾತ್ರಕ್ಕೆ ಅಜ್ಜಿ ಚೆರೊಕೀ ಆಗಲಿಲ್ಲ. ಅರ್ಜಿಯ ಮೇಲಿನ ತೀರ್ಪನ್ನು ಮೊದಲು ಓದುವುದು ಒಳ್ಳೆಯದು.

ಅಲ್ಲಿಂದ ಹಿಂದಕ್ಕೆ, ಅಮೆರಿಕ ಸರ್ಕಾರ ಬಲವಂತವಾಗಿ ಪಶ್ಚಿಮದ ಇಂದಿನ ಒಕ್ಲಹೋಮಕ್ಕೆ ಸಾಗಿಸಿದವರಿಗೆ 1851ರ ಡ್ರೆನೆನ್ ಪಟ್ಟಿ, ಪೂರ್ವದಲ್ಲೇ ಉಳಿದವರಿಗೆ ಅದೇ ವರ್ಷದ ಸೈಲರ್ ಪಟ್ಟಿ. ಬಲವಂತದ ವಲಸೆಗೆ ಮುಂಚಿನ 1835ರ ಗಣತಿಯಲ್ಲಿ 16,542 ಚೆರೊಕೀಗಳು, ಅವರೊಳಗೆ ಮದುವೆಯಾದ 201 ಬಿಳಿಯರು, 1,592 ಕರಿಯ ಗುಲಾಮರು. ಅದರಲ್ಲಿ ಹೆಸರಿರುವುದು ಮನೆಯ ಯಜಮಾನರದ್ದು ಮಾತ್ರ, ಉಳಿದವರೆಲ್ಲ ಬರೀ ಅಂಕಿ. ಇನ್ನೂ ಹಿಂದೆ, 1817 ಮತ್ತು 1819ರ ಒಪ್ಪಂದಗಳ ಪ್ರಕಾರ ತಲಾ 640 ಎಕರೆ ಪಡೆದ ಕುಟುಂಬಗಳ ಪಟ್ಟಿಯಿದೆ. ಕೆಲವು ಗಂಡಸರ ಹೆಸರಿನ ಮುಂದೆ ‘ಹೆಂಡತಿಯ ಹಕ್ಕಿನಲ್ಲಿ’ ಎಂಬ ಷರಾ ಕಾಣುತ್ತದೆ. ಹುಡುಕುವವರಿಗೆ ಇದಕ್ಕಿಂತ ದೊಡ್ಡ ಸುಳಿವಿಲ್ಲ: ಭೂಮಿ ಬಂದದ್ದು ಅವಳಿಂದ, ಅವನು ಹೊರಗಿನವನು. ಅವಳ ಹೆಸರಿಗಾಗಿ ಜಾರ್ಜಿಯಾದ ಸ್ಪ್ರಿಂಗ್‌ಪ್ಲೇಸ್‌ನಲ್ಲಿ 1801ರಿಂದ ಇದ್ದ ಮೊರೇವಿಯನ್ ಎಂಬ ಪ್ರೊಟೆಸ್ಟಂಟ್ ಪಂಥದ ಪಾದ್ರಿಗಳ ದಿನಚರಿ ನೋಡಬಹುದು. ಬರೆದಿರುವುದು ಜರ್ಮನ್‌ನಲ್ಲಿ. ಒಬ್ಬರಿಗೇ ಎರಡು ಹೆಸರು ಇರುವುದೂ ಮಾಮೂಲು. ಜಾನ್ ರಾಸ್ ತನ್ನವರಿಗೆ ಕೂವೀಸ್ಕೂವೀ.

ಈಗ ಡಿಎನ್‌ಎ. ಎಂಟು ತಲೆಮಾರು ಹಿಂದೆ ಪ್ರತಿಯೊಬ್ಬರಿಗೂ 256 ಪೂರ್ವಜರ ಸ್ಥಾನಗಳಿವೆ, ಒಬ್ಬೊಬ್ಬರಿಂದ ಸರಾಸರಿ ಶೇ. 0.4ರಷ್ಟು ಬರುತ್ತದೆ. ಸರಾಸರಿ ಎಂಬುದೇ ಇಲ್ಲಿ ಮೋಸ. ವರ್ಣತಂತುಗಳು ದೊಡ್ಡ ದೊಡ್ಡ ತುಂಡುಗಳಾಗಿ ಸಾಗುತ್ತವೆ, ಆ ತುಂಡು ಬಂದರೆ ಬಂತು, ಇಲ್ಲವಾದರೆ ಇಲ್ಲ. ಹತ್ತು ತಲೆಮಾರು ಹಿಂದಿನವರಲ್ಲಿ ಅರ್ಧದಷ್ಟು ಮಂದಿ ಎಕ್ಸ್, ವೈ ಬಿಟ್ಟು ಉಳಿದ ನಮ್ಮ ಸಾಮಾನ್ಯ ವರ್ಣತಂತುಗಳಲ್ಲಿ ಏನೂ ಉಳಿಸಿರುವುದಿಲ್ಲ. ಆದ್ದರಿಂದ ‘ಶೇ. 0’ ಎಂಬ ವರದಿ ಮನೆಯ ಕಥೆಯನ್ನು ಸುಳ್ಳಾಗಿಸುವುದಿಲ್ಲ, ‘ಶೇ. 0.5’ ಎಂಬುದು ನಿಜವಾಗಿಸುವುದೂ ಇಲ್ಲ. ಮನೆಯಲ್ಲಿ ಅಜ್ಜಿ ಇದ್ದರೆ ಪರೀಕ್ಷೆಗೆ ಅವರ ಎಂಜಲನ್ನೇ ಕಳಿಸಿ, ಎರಡು ತಲೆಮಾರಿನ ನಷ್ಟ ತಪ್ಪುತ್ತದೆ.

ವೈ ವರ್ಣತಂತು ಅಪ್ಪನಿಂದ ಮಗನಿಗೆ ಹೋಗುವಂಥದ್ದು. ರಾಸ್ ಮನೆತನದ ಗಂಡುಸಾಲನ್ನು ಪರೀಕ್ಷಿಸಿದರೆ ಹೊರಬೀಳುವುದು ಡೇನಿಯಲ್‌ನ ಯುರೋಪು. ಮೈಟೋಕಾಂಡ್ರಿಯದ ಡಿಎನ್‌ಎ ಹಾಗಲ್ಲ, ಅದು ತಾಯಿಯಿಂದ ಮಾತ್ರ ಮಕ್ಕಳಿಗೆ ಬರುತ್ತದೆ. ಘಿಗೂಯಿಯಿಂದ ಆನಾಳಿಗೆ, ಆನಾಳಿಂದ ಮಾಲಿಗೆ, ಮಾಲಿಯಿಂದ ಜಾನ್‌ಗೆ ಅದು ಇಳಿದ ದಾರಿ ಪಕ್ಷಿ ಕುಲ ಇಳಿದ ದಾರಿಯೇ. ಎರಡೂ ಜಾನ್‌ನಲ್ಲೇ ನಿಂತವು. ಹಾಗಾಗಿ ಪರೀಕ್ಷೆಗೆ ಬೇಕಾದವರು ಆ ಪೂರ್ವಜೆಯಿಂದ ಬರೀ ಹೆಂಗಸರ ಸಾಲಿನಲ್ಲಿ ಇಳಿದವರು. ಕೊನೆಯವರು ಗಂಡಸಾದರೂ ಅಡ್ಡಿಯಿಲ್ಲ. ಮೈಟೋಕಾಂಡ್ರಿಯದ ಡಿಎನ್‌ಎಯನ್ನು ವಿಂಗಡಿಸುವ ಎ2, ಬಿ2, ಸಿ1, ಡಿ1, ಎಕ್ಸ್2ಎ ಗುಂಪುಗಳಲ್ಲಿ ಒಂದು ಬಂದರೆ ಅಮೆರಿಕದ ಮೂಲನಿವಾಸಿ ತಾಯಿಸಾಲು ಬಹುಮಟ್ಟಿಗೆ ಖಚಿತ. ಯಾವ ಬುಡಕಟ್ಟು ಎಂಬುದು ಅದರಿಂದ ತಿಳಿಯುವುದಿಲ್ಲ. ಸೆರೆಸಿಕ್ಕ ಹೊರಗಿನವರನ್ನು ಕುಲಕ್ಕೆ ದತ್ತು ತೆಗೆದುಕೊಳ್ಳುವ ಪದ್ಧತಿಯೂ ಇತ್ತು. ಅಲ್ಲಿ ಕುಲ ಒಂದು ಕಡೆ, ಜೀನು ಇನ್ನೊಂದು ಕಡೆ.

ತಮಗೆ ಚೆರೊಕೀ ಪೂರ್ವಜರಿದ್ದಾರೆ ಎನ್ನುತ್ತಿದ್ದ ಅಮೆರಿಕದ ಸೆನೆಟರ್ ಎಲಿಜಬೆತ್ ವಾರೆನ್ 2018ರಲ್ಲಿ ಪ್ರಕಟಿಸಿದ ಪರೀಕ್ಷೆ ಆರರಿಂದ ಹತ್ತು ತಲೆಮಾರು ಹಿಂದೆ ಒಬ್ಬ ಮೂಲನಿವಾಸಿ ಪೂರ್ವಜರಿರಬಹುದು ಎಂದಿತ್ತು. ಹೋಲಿಕೆಗೆ ಬಳಸಿದ ಮಾದರಿಗಳು ಮೆಕ್ಸಿಕೊ, ಪೆರು, ಕೊಲಂಬಿಯಾದವು. ಒಕ್ಲಹೋಮದ ಚೆರೊಕೀಗಳ ಸರ್ಕಾರವಾದ ಚೆರೊಕೀ ನೇಷನ್ ಅದನ್ನು ಖಂಡಿಸಿತು. ಅಲ್ಲಿ ಸದಸ್ಯತ್ವಕ್ಕೆ ಬೇಕಾದದ್ದು ಡಾಸ್ ಪಟ್ಟಿಯಲ್ಲಿರುವ ಪೂರ್ವಜರು ಮತ್ತು ಅವರವರೆಗಿನ ದಾಖಲೆ, ಎಂಜಲಿನ ಶೀಶೆಗೆ ಬೆಲೆಯಿಲ್ಲ.

ಆ ಡಾಸ್ ಪಟ್ಟಿಯಲ್ಲೇ ಒಂದು ದೊಡ್ಡ ಕುರುಡು ಜಾಗವಿದೆ. ಚೆರೊಕೀಗಳ ಗುಲಾಮರಾಗಿದ್ದವರನ್ನೂ ಅವರ ಮಕ್ಕಳನ್ನೂ ‘ಫ್ರೀಡ್‌ಮೆನ್’ ಎಂದು ಬೇರೆ ಪಟ್ಟಿಗೆ ಹಾಕಿದರು. ಚೆರೊಕೀ ತಂದೆಯೋ ಅಜ್ಜಿಯೋ ಇದ್ದರೂ ಅಲ್ಲಿ ರಕ್ತದ ಪಾಲು ಬರೆಯಲಿಲ್ಲ. 2017ರ ನ್ಯಾಯಾಲಯದ ತೀರ್ಪಿನ ನಂತರ ಇವರ ವಂಶಜರಿಗೂ ಚೆರೊಕೀ ನೇಷನ್ನಿನ ಪೌರತ್ವದ ಹಕ್ಕಿದೆ. ಈ ಸಾಲನ್ನು ಹುಡುಕುವವರು ಕಾರ್ಡಿನಲ್ಲಿ ‘ಇಂಥವರ ಗುಲಾಮ’ ಎಂಬ ಅಂಕಣ ನೋಡಿ, ಆ ಯಜಮಾನನ ಹೆಸರು ಅಥವಾ ಅವನ ಹಿರಿಯರ ಹೆಸರು ಹಿಡಿದು 1835ರ ಗಣತಿಗೆ ಹೋಗಬೇಕು. ಅಲ್ಲಿ ಅವನ ಮನೆಯ ಸಾಲಿನಲ್ಲಿ ಗುಲಾಮರ ಸಂಖ್ಯೆ ಇರುತ್ತದೆ. ಹೆಸರಿಗೆ ಯಜಮಾನನ ಉಯಿಲು, ಮಾರಾಟಪತ್ರಗಳನ್ನು ತೆಗೆಯಬೇಕು.