ಗ್ರೀನ್‌ಲ್ಯಾಂಡಿನ ನಾರ್ಸ್ ಜನರು: ಬದಲಾಗದೆ ಅಳಿದರೇ?

ಸಂಪ್ರದಾಯಕ್ಕೆ ಜೋತುಬಿದ್ದ ಸಮಾಜ ಉಳಿಯುವುದಿಲ್ಲ ಎನ್ನುವಾಗ ಗ್ರೀನ್‌ಲ್ಯಾಂಡಿನ ನಾರ್ಸ್ ಜನರ (ಸ್ಕ್ಯಾಂಡಿನೇವಿಯ ಮೂಲದ ವಲಸಿಗರ) ಉದಾಹರಣೆ ತಪ್ಪದೆ ಬರುತ್ತದೆ. ಪರೀಕ್ಷೆಯಲ್ಲಿ ಇದನ್ನು ಬರೆಯುವ ಮುನ್ನ ಗಮನಿಸಿ: ಆ ಕಥೆಯ ಅರ್ಧ ಭಾಗ ಈಗ ನಿಲ್ಲುವುದಿಲ್ಲ.

ಸುಮಾರು ಕ್ರಿ.ಶ. 985ರಲ್ಲಿ ಎರಿಕ್ ದಿ ರೆಡ್‌ನ ಹಿಂದೆ ಐಸ್‌ಲ್ಯಾಂಡಿನಿಂದ ಬಂದವರು ಪೂರ್ವ ಮತ್ತು ಪಶ್ಚಿಮ ಎಂಬ ಎರಡು ನೆಲೆಗಳನ್ನು ಕಟ್ಟಿ ದನ, ಕುರಿ, ಆಡು ಸಾಕಿದರು. 14ನೆಯ ಶತಮಾನದಲ್ಲಿ ಪಶ್ಚಿಮ ನೆಲೆ ಬರಿದಾಯಿತು, 15ನೆಯ ಶತಮಾನದಲ್ಲಿ ಪೂರ್ವ ನೆಲೆಯೂ.

ಹಳೆಯ ವಿವರಣೆ ಸರಳ. ಚಳಿ ಹೆಚ್ಚಿ ಹುಲ್ಲು ಸೊರಗಿದರೂ ಇವರು ದನ ಬಿಡಲಿಲ್ಲ, ಸೀಲ್ ಎಂಬ ಕಡಲ ಪ್ರಾಣಿಯ ಬೇಟೆಯಿಂದ ಬದುಕುತ್ತಿದ್ದ ನೆರೆಯ ಇನ್ಯೂಟರಿಂದ ಕಲಿಯಲಿಲ್ಲ. ಆದರೆ ಸಮಾಧಿಗಳ ಮೂಳೆಗಳು ಬೇರೆಯದನ್ನೇ ಹೇಳುತ್ತವೆ. ಮೂಳೆಯಲ್ಲಿನ ಇಂಗಾಲದ ಐಸೊಟೋಪುಗಳನ್ನು ಅಳೆದರೆ ಆ ಮನುಷ್ಯ ಉಂಡದ್ದು ನೆಲದ ಆಹಾರವೋ ಕಡಲಿನದೋ ಗೊತ್ತಾಗುತ್ತದೆ. ಆರಂಭದವರಲ್ಲಿ ಕಡಲಿನ ಪಾಲು ಸುಮಾರು ಶೇ 20; ಕೊನೆಯವರಲ್ಲಿ ಶೇ 80ರವರೆಗೆ. ಊಟವನ್ನೇ ಇಷ್ಟು ಬದಲಿಸಿಕೊಂಡವರನ್ನು ಹಟಮಾರಿಗಳೆಂದು ಕರೆಯುವುದು ಅನ್ಯಾಯ.

ಹಾಗಾದರೆ ಬಿಡದೆ ಹಿಡಿದದ್ದು ಏನನ್ನು? ನನ್ನ ಓದಿನ ಪ್ರಕಾರ, ಯುರೋಪಿನ ನಂಟನ್ನು. 1921ರಲ್ಲಿ ಪೂರ್ವ ನೆಲೆಯ ಹೆರ್ಯೋಲ್ಫ್ಸ್‌ನೆಸ್ ಸ್ಮಶಾನವನ್ನು ಅಗೆದಾಗ, ಹೆಪ್ಪುಗಟ್ಟಿದ ಮಣ್ಣಿನಲ್ಲಿ ಬಟ್ಟೆಗಳು ಕೆಡದೆ ಸಿಕ್ಕವು. ಎಲ್ಲವೂ ಉಣ್ಣೆಯವು: ಯುರೋಪಿನ ಮಾದರಿಯಲ್ಲೇ ಹೊಲಿದ ನಿಲುವಂಗಿಗಳು, ಹಿಂದೆ ಉದ್ದನೆಯ ಬಾಲ ಇಳಿಬಿದ್ದ ತಲೆಗವಸುಗಳು. ಸೀಲ್ ಮಾಂಸ ತಿನ್ನುತ್ತಿದ್ದವರು ಉಡುಪಿನಲ್ಲಿ ಮಾತ್ರ ಕಡಲಾಚೆಯ ಬಂಧುಗಳಂತೆಯೇ ಇರಲು ಬಯಸಿದ್ದರು.

ಈ ನಂಟಿಗೆ ಬೆಲೆಯೂ ಇತ್ತು. ಕಬ್ಬಿಣ ಹೊರಗಿನಿಂದಲೇ ಬರಬೇಕು, ಅದಕ್ಕೆ ವಾಲ್ರಸ್ ಎಂಬ ಕಡಲ ಪ್ರಾಣಿಯ ದಂತ ಕೊಡಬೇಕು. ಚರ್ಚಿಗೆ ಕೊಡಬೇಕಾದ ಹತ್ತನೇ ಒಂದು ಪಾಲಿನ ತೆರಿಗೆಯನ್ನೂ (ದಶಮಾಂಶ) 1327ರಲ್ಲಿ ದಂತದಲ್ಲೇ ಸಲ್ಲಿಸಿದ್ದರು. ದಂತಕ್ಕಾಗಿ ಗಂಡಸರು ಬೇಸಿಗೆಯಲ್ಲಿ ದೂರದ ಉತ್ತರಕ್ಕೆ ದೋಣಿಯಲ್ಲಿ ಹೋಗುತ್ತಿದ್ದರು. ಊರಿನಲ್ಲಿ ಹುಲ್ಲು ಕೊಯ್ದು ಒಣಗಿಸುವ ಕಾಲವೂ ಅದೇ. ಮುಂದೆ ಯುರೋಪಿನ ಪೇಟೆಗೆ ಆನೆಯ ದಂತ ಬಂತು, 1349ರಲ್ಲಿ ನಾರ್ವೆಗೆ ಮಹಾಮಾರಿ ಪ್ಲೇಗ್ ಬಡಿಯಿತು, ಹಡಗುಗಳು ಅಪರೂಪವಾದವು. ಇವರು ನೆಚ್ಚಿದ್ದ ವ್ಯಾಪಾರ ಕುಸಿದದ್ದು ಇವರ ಕೈಮೀರಿದ ಕಾರಣಗಳಿಂದ.

‘ಅಳಿವು’ ಎಂದು ಬರೆಯುವಾಗಲೂ ಎಚ್ಚರವಿರಲಿ. ಅವರ ಬಗ್ಗೆ ಸಿಗುವ ಕೊನೆಯ ಲಿಖಿತ ದಾಖಲೆ ಕ್ಷಾಮದ್ದೋ ಯುದ್ಧದ್ದೋ ಅಲ್ಲ, 1408ರಲ್ಲಿ ಪೂರ್ವ ನೆಲೆಯ ಹ್ವಾಲ್ಸೆ ಚರ್ಚಿನಲ್ಲಿ ನಡೆದ ಮದುವೆಯದು. ಆ ದಂಪತಿ ಆಮೇಲೆ ಐಸ್‌ಲ್ಯಾಂಡಿನಲ್ಲಿ ನೆಲೆಸಿದರು. ಉಳಿದವರಲ್ಲಿಯೂ ಹಲವರು, ಮುಖ್ಯವಾಗಿ ಯುವಕರು, ಹೀಗೆಯೇ ಒಬ್ಬೊಬ್ಬರಾಗಿ ಹೊರಟುಹೋಗಿರಬಹುದು ಎಂಬ ವಾದವನ್ನು ಉತ್ತರದಲ್ಲಿ ಸೇರಿಸಿ.